ಮಣಿಗಾಜಿನ ಜವಳಿಗಾರ

ಪುಣೆಯ ಲಕ್ಷ್ಮೀರಸ್ತೆಯಲ್ಲಿ ಬಟ್ಟೆ ಕೊಳ್ಳುವಾಗ ನಾವು ನೇಯ್ಗೆಯನ್ನು ಬೆರಳಿನಿಂದ ಸವರಿ ನೋಡುತ್ತೇವೆ. ಹದಿನೇಳನೆಯ ಶತಮಾನದ ಹಾಲೆಂಡಿನ ಜವಳಿಗಾರರು ಎಳೆಗಳನ್ನೆಣಿಸಲು ಭೂತಗನ್ನಡಿಯನ್ನು ಬಳಸುತ್ತಿದ್ದರು. ಅವರಲ್ಲೊಬ್ಬನಾದ ಆಂಟನಿ ವಾನ್ ಲೇವನ್‌ಹುಕ್‌ನು ಆ ಸಾಮಾನ್ಯ ಸಾಧನವನ್ನು ತಿದ್ದಿಕೊಂಡು, ಮನುಷ್ಯನು ಅದುವರೆಗೆ ಕಾಣದಿದ್ದ ಜೀವಲೋಕವನ್ನು ಕಂಡನು.

1632ರಲ್ಲಿ ಡೆಲ್ಫ್ಟ್ ಪಟ್ಟಣದಲ್ಲಿ ಬುಟ್ಟಿ ಹೆಣೆಯುವವನ ಮಗನಾಗಿ ಹುಟ್ಟಿದ ಈತನು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡನು. ಹದಿನಾರರ ಹರೆಯದಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಜವಳಿ ಅಂಗಡಿಯಲ್ಲಿ ಕೆಲಸ ಕಲಿತನು. ಊರಿಗೆ ಮರಳಿ ಸ್ವಂತ ಅಂಗಡಿಯನ್ನಿಟ್ಟು, 1660ರಲ್ಲಿ ನಗರದ ಕಚೇರಿಯಲ್ಲಿ ನೌಕರಿಯನ್ನೂ ಪಡೆದನು. ಪಂಡಿತರ ಭಾಷೆಯಾದ ಲ್ಯಾಟಿನನ್ನು ಆತನು ಅರಿಯನು.

ಆತನ ಸಾಧನೆಯ ಮರ್ಮವು ಸರಳವಾದ ಲೆಕ್ಕದಲ್ಲಿದೆ. ಬಿಸಿಲು ಭೂತಗನ್ನಡಿಯನ್ನು ಹಾಯ್ದು ಕಾಗದದ ಮೇಲೆ ಅತಿ ಚಿಕ್ಕ ಚುಕ್ಕೆಯಾಗಿ ಕೂಡುವ ದೂರವೇ ಅದರ ನಾಭಿದೂರ. ಬರಿಗಣ್ಣು ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಆಯಾಸವಿಲ್ಲದೆ ಕಾಣಲಾರದು. ಮಸೂರವಾದರೋ ವಸ್ತುವನ್ನು ತನ್ನ ನಾಭಿದೂರದಷ್ಟು ಸಮೀಪಕ್ಕೆ ತಂದು ತೋರಿಸುತ್ತದೆ. ಆದುದರಿಂದ 25ನ್ನು ಸೆಂಟಿಮೀಟರಿನಲ್ಲಿ ಅಳೆದ ನಾಭಿದೂರದಿಂದ ಭಾಗಿಸಿದರೆ ವರ್ಧನೆಯು ಸ್ಥೂಲವಾಗಿ ದೊರೆಯುವುದು. 5 ಸೆಂಟಿಮೀಟರ್ ನಾಭಿದೂರದ ಗಾಜು ವಸ್ತುವನ್ನು ಐದು ಪಟ್ಟು ಹಿಗ್ಗಿಸುತ್ತದೆ. ಯುಟ್ರೆಕ್ಟ್ ನಗರದಲ್ಲಿ ಉಳಿದಿರುವ ಲೇವನ್‌ಹುಕ್‌ನ ಮಸೂರದ ನಾಭಿದೂರವು ಒಂದು ಮಿಲಿಮೀಟರಿಗೂ ಕಡಿಮೆ. ವರ್ಧನೆಯು ಸುಮಾರು 266 ಪಟ್ಟು. ಆದರೆ ನಾಭಿದೂರವು ಕುಗ್ಗಬೇಕಾದರೆ ಗಾಜಿನ ಉಬ್ಬು ಹೆಚ್ಚಬೇಕು, ಗಾಜು ಪುಟ್ಟ ಮಣಿಯಾಗಬೇಕು. ನೋಡುವವನು ಕಣ್ಣನ್ನು ಅದಕ್ಕೆ ತಾಗಿಸುವಂತೆ ಹಿಡಿಯಬೇಕು.

1674ರಲ್ಲಿ ಆತನು ಕೆರೆಯ ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಕಂಡನು. ತಾನು ಕಂಡ ಮತ್ತಷ್ಟು ಕಿರಿದಾದ ಜೀವಿಗಳ ವಿಷಯವನ್ನು 1676ರಲ್ಲಿ ತನ್ನ ಡಚ್ ನುಡಿಯಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ವಿದ್ವಾಂಸರು ಸಂಶಯಪಟ್ಟರು. ಆತನು ಊರಿನ ಗಣ್ಯರನ್ನು ಕರೆದು ತೋರಿಸಿ, ಅವರ ಸಾಕ್ಷಿಪತ್ರಗಳನ್ನು ಕಳುಹಿಸಿದನು. 1677ರಲ್ಲಿ ರಾಬರ್ಟ್ ಹುಕ್‌ನು ತಾನೂ ಕಂಡು ಸಮರ್ಥಿಸಿದನು. 1680ರಲ್ಲಿ ಸೊಸೈಟಿಯು ಈ ಜವಳಿಗಾರನನ್ನು ತನ್ನ ಸದಸ್ಯನನ್ನಾಗಿ ಆರಿಸಿತು.

ಆದರೂ ತನ್ನ ಶ್ರೇಷ್ಠ ಮಸೂರಗಳ ಗುಟ್ಟನ್ನು ಆತನು ಯಾರಿಗೂ ಹೇಳದೆ 1723ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡನು. 2021ರಲ್ಲಿ ವಿಜ್ಞಾನಿಗಳು ಯುಟ್ರೆಕ್ಟಿನ ಸಾಧನವನ್ನು ಬಿಚ್ಚದೆ ನ್ಯೂಟ್ರಾನ್ ಕಿರಣಗಳಿಂದ ಪರೀಕ್ಷಿಸಿದಾಗ, ಅದು ಗಾಜನ್ನು ಕರಗಿಸಿ ಮಾಡಿದ ಮಣಿಯೆಂದು ತಿಳಿದುಬಂದಿತು. ಗುಟ್ಟು ಅಷ್ಟೇನೂ ದೊಡ್ಡದಾಗಿರಲಿಲ್ಲ. ಕಚೇರಿಯ ಕೆಲಸ ಮುಗಿಸಿ ಐವತ್ತು ವರ್ಷಗಳ ಕಾಲ ಆ ಮಣಿಯೊಳಗೆ ಕಣ್ಣಿಟ್ಟು ಕುಳಿತ ತಾಳ್ಮೆಯೇ ದೊಡ್ಡದೆಂದು ನಾವು ಭಾವಿಸುತ್ತೇವೆ.