ರಾಜ್ಯ ಕಳೆದುಕೊಂಡ ದೊರೆಯ ಗಂಜೀಫಾ ಎಲೆಗಳು

ಮುಮ್ಮಡಿ ಕೃಷ್ಣರಾಜ ಒಡೆಯರು 1799ರಿಂದ 1868ರವರೆಗೆ, ಅಂದರೆ ಹತ್ತಿರ ಹತ್ತಿರ 69 ವರ್ಷಗಳ ಕಾಲ, ಮೈಸೂರಿನ ಮಹಾರಾಜರೆನಿಸಿಕೊಂಡಿದ್ದರು. ಅದರಲ್ಲಿ ಅವರು ಸ್ವತಃ ಆಡಳಿತ ನಡೆಸಿದ್ದು ಸುಮಾರು 20 ವರ್ಷ ಮಾತ್ರ. ಅದಕ್ಕೆ ಮುಂಚೆ ರಾಜ್ಯ ದಿವಾನ ಪೂರ್ಣಯ್ಯನವರ ಕೈಯಲ್ಲಿತ್ತು, ಅನಂತರ ಬ್ರಿಟಿಷ್ ಕಮಿಷನರುಗಳ ಕೈ ಸೇರಿತು. ಕೆರೆ ಕಾಲುವೆಗಳ ಚರಿತ್ರೆ ಬರೆಯುವವರು ಈ ದೊರೆಯನ್ನು ಬೇಗನೆ ದಾಟಿ ಮುಂದಕ್ಕೆ ಹೋಗುತ್ತಾರೆ. ಆದರೆ ಇಸ್ಪೀಟು ಎಲೆಗಳ ಚರಿತ್ರೆ ಬರೆಯುವವರು ಜಗತ್ತಿನ ಯಾವ ಮೂಲೆಯವರಾದರೂ ಮೈಸೂರಿಗೆ ಬಂದು ಇವರ ಹೆಸರಿನ ಮುಂದೆ ನಿಲ್ಲಲೇಬೇಕು.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡರು. ಆಗ ಒಡೆಯರ ಮನೆತನಕ್ಕೆ ಸಿಂಹಾಸನವಿರಲಿ, ತಮ್ಮದೆನ್ನಬಹುದಾದ ಅರಮನೆಯೂ ಇರಲಿಲ್ಲ. ಟಿಪ್ಪು ಸುಲ್ತಾನ್ 1799ರ ಮೇ 4ರಂದು ಮಡಿದ ಮೇಲೆ ಬ್ರಿಟಿಷರು ಈ ಐದು ವರ್ಷದ ಬಾಲಕನನ್ನು ಹುಡುಕಿ ತಂದು, ಜೂನ್ 30ರಂದು ಮೈಸೂರಿನಲ್ಲಿ ಪಟ್ಟ ಕಟ್ಟಿದರು. ಮಗುವಿನ ಪರವಾಗಿ ರಾಜಮಾತೆ ಲಕ್ಷ್ಮಮ್ಮಣ್ಣಿಯವರು ಇದ್ದರು, ರಾಜ್ಯಭಾರವನ್ನು ಪೂರ್ಣಯ್ಯನವರು ವಹಿಸಿಕೊಂಡರು. ಬ್ರಿಟಿಷರೊಂದಿಗೆ ಆದ ಒಪ್ಪಂದದಂತೆ ಪ್ರತಿ ವರ್ಷ 7 ಲಕ್ಷ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಕಂಪೆನಿಗೆ ಸಲ್ಲಬೇಕಾಗಿತ್ತು. ಆ ಹೊರೆ ಹೊತ್ತುಕೊಂಡೇ ಪೂರ್ಣಯ್ಯನವರು ಬೊಕ್ಕಸ ತುಂಬಿಸಿಟ್ಟು 1811ರಲ್ಲಿ ಅಧಿಕಾರ ಬಿಟ್ಟುಕೊಟ್ಟರು, ಮರುವರ್ಷವೇ ಕಣ್ಮುಚ್ಚಿದರು.

ತುಂಬಿದ ಬೊಕ್ಕಸ ಹದಿಹರೆಯದ ದೊರೆಯ ಕೈಯಲ್ಲಿ ಬಹುಕಾಲ ಉಳಿಯಲಿಲ್ಲ. ತಂದೆ ಹುಟ್ಟಿದ ಅರಿಕುಠಾರ 1818ರಲ್ಲಿ ಚಾಮರಾಜನಗರವಾಯಿತು, ಅಲ್ಲಿ 1826ರಲ್ಲಿ ಚಾಮರಾಜೇಶ್ವರ ದೇವಾಲಯ ಎದ್ದಿತು. ಚಾಮುಂಡಿ ಬೆಟ್ಟದ ಗೋಪುರ 1827ರಲ್ಲಿ ಹೊಸರೂಪ ಪಡೆಯಿತು. ದಾನ, ಉಂಬಳಿ, ವಿದ್ವಾಂಸರ ಸಂಭಾವನೆಗಳಿಗೆ ಮಿತಿಯಿರಲಿಲ್ಲ. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೇ ಬಂದು ಎಚ್ಚರಿಕೆ ಹೇಳಿ ಹೋದರೂ ಲೆಕ್ಕ ಸರಿಹೋಗಲಿಲ್ಲ. ಇಂತಿಷ್ಟು ಕಂದಾಯ ಕೊಟ್ಟೇ ತೀರುತ್ತೇನೆಂದು ಅಮಲ್ದಾರರಿಂದ ಕರಾರು ಬರೆಸಿಕೊಳ್ಳುವ ಷರತ್ತು ಪದ್ಧತಿ ರೈತರನ್ನು ಹಿಂಡಿತು. 1830ರಲ್ಲಿ ನಗರ ಸೀಮೆಯಲ್ಲಿ ದಂಗೆ ಎದ್ದಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಆಡಳಿತವನ್ನು ದೊರೆಯಿಂದ ಕಿತ್ತುಕೊಂಡರು.

ಐದರಲ್ಲೊಂದು ಪಾಲು

ಆಗ ಮುಮ್ಮಡಿಯವರಿಗೆ 37 ವರ್ಷ. ಅರಮನೆ, ಬಿರುದು, ದಸರಾ ದರ್ಬಾರು ಉಳಿದವು, ರಾಜ್ಯ ಉಳಿಯಲಿಲ್ಲ. ಖರ್ಚಿಗೆಂದು ವರ್ಷಕ್ಕೆ ಒಂದು ಲಕ್ಷ ವರಹ, ಅಂದರೆ ಮೂರೂವರೆ ಲಕ್ಷ ರೂಪಾಯಿ, ಜೊತೆಗೆ ರಾಜ್ಯದ ನಿವ್ವಳ ಆದಾಯದ ಐದರಲ್ಲೊಂದು ಪಾಲು ಗೊತ್ತಾಯಿತು. ಹಾಸನದ ಕಟ್ಟಾಯವಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಾಗಲಿ ಆಗ ಮೈಸೂರು ಸಂಸ್ಥಾನಕ್ಕೇ ಸೇರಿದ್ದವು. ಅಲ್ಲಿಯ ರೈತ ಕಟ್ಟಿದ ಕಂದಾಯ ಮೊದಲು ಕಮಿಷನರ ಖಜಾನೆಗೆ ಹೋಗಿ, ಆಡಳಿತದ ವೆಚ್ಚವೆಲ್ಲ ಕಳೆದ ಮೇಲೆ ಮಿಕ್ಕಿದ್ದರಲ್ಲಿ ಆ ಪಾಲು ಅರಮನೆಗೆ ಬರುತ್ತಿತ್ತು. ಮುಂದೆ ಅರಮನೆಯಲ್ಲಿ ಸಿದ್ಧವಾದ ಚಿತ್ರದ ಎಲೆಗಳ ಬಣ್ಣಕ್ಕೂ ಚಿನ್ನದ ರೇಕಿಗೂ ಹಣ ಎಲ್ಲಿಂದ ಬಂತೆಂದು ಕೇಳುವವರು ಈ ಲೆಕ್ಕವನ್ನು ಮರೆಯಬಾರದು.

ದೊರೆಯ ಮಟ್ಟಿಗೆ ಅದು ಕಟ್ಟುಬಿದ್ದ ಆದಾಯ. ಸೈನ್ಯವಿಲ್ಲ, ನ್ಯಾಯಸ್ಥಾನವಿಲ್ಲ, ಮಾರ್ಕ್ ಕಬ್ಬನ್ ಅವರಂತಹ ಕಮಿಷನರು 1834ರಿಂದ 1861ರವರೆಗೆ ಕುರ್ಚಿ ಬಿಟ್ಟು ಕದಲಲಿಲ್ಲ. ರಾಜ್ಯವನ್ನು ಮರಳಿ ಕೊಡಬೇಕೆಂದು ಮುಮ್ಮಡಿಯವರು ಕಲ್ಕತ್ತೆಗೂ ಲಂಡನ್ನಿಗೂ ಬರೆಯುತ್ತಲೇ ಇದ್ದರು. ಬರೆಯದ ಹೊತ್ತಿನಲ್ಲಿ ವಿದ್ವಾಂಸರನ್ನೂ ಚಿತ್ರಕಾರರನ್ನೂ ಸುತ್ತ ಕೂರಿಸಿಕೊಂಡು ಗ್ರಂಥ, ಚಿತ್ರ, ಸಂಗೀತ, ಆಟಗಳ ಲೋಕವೊಂದನ್ನು ಕಟ್ಟಿದರು. ಚದುರಂಗದ ಹಲಗೆಯ ಮೇಲೆ ಕುದುರೆ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಬರುವ ಲೆಕ್ಕದಲ್ಲಿ ಅವರಿಗೆ ವಿಶೇಷ ಪರಿಣತಿಯಿತ್ತು. ಆದರೆ ಅವರ ಹೆಸರನ್ನು ದೇಶದ ಹೊರಗೆ ಒಯ್ದದ್ದು ಗಂಜೀಫಾ.

ಗಂಜೀಫಾ ಮೈಸೂರಿನಲ್ಲಿ ಹುಟ್ಟಿದ ಆಟವಲ್ಲ. ಬಾಬರ್ 1527ರಲ್ಲಿ ಸಿಂಧದ ಷಾ ಹಸನನಿಗೆ ಈ ಎಲೆಗಳನ್ನು ಕಳುಹಿಸಿಕೊಟ್ಟ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೊಗಲರ ಆಟದಲ್ಲಿ 8 ಬಣ್ಣ, 96 ಎಲೆ. ಹಿಂದೂ ದರ್ಬಾರುಗಳಲ್ಲಿ ಅದೇ ಆಟ ದಶಾವತಾರದ ರೂಪ ತಾಳಿ 10 ಬಣ್ಣ, 120 ಎಲೆಗಳಾಯಿತು. ಎಲೆಗಳು ಸಾಮಾನ್ಯವಾಗಿ ದುಂಡಗೆ ಇರುತ್ತವೆ. ದಶಾವತಾರದ ಆಟ ಹಗಲಾದರೆ ರಾಮನಿಂದ, ರಾತ್ರಿಯಾದರೆ ಕೃಷ್ಣನಿಂದ ಶುರು.

ಎಲೆಗಳಲ್ಲೂ ಸಿರಿವಂತರದು, ಬಡವರದು ಎಂಬ ಭೇದವಿತ್ತು. ದಂತ, ಆಮೆಚಿಪ್ಪು, ಚಿನ್ನದ ರೇಕಿನ ಎಲೆಗಳು ದರ್ಬಾರ್ ಕಲಮ್ ಎನಿಸಿದವು. ಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸುಣ್ಣದ ಪುಡಿ ಬಳಿದು, ಉಜ್ಜಿ ನಯಗೊಳಿಸಿ, ಚಿತ್ರ ಬರೆದು ಅರಗು ಲೇಪಿಸಿದ ಎಲೆಗಳು ಬಜಾರ್ ಕಲಮ್. ಪೇಟೆಯ ಮನುಷ್ಯ ಕೊಳ್ಳಬಲ್ಲದ್ದು ಇದನ್ನೇ. ಅವು ಆಡಿ ಆಡಿ ಸವೆದು, ಅಂಚು ಮುರಿದು, ಒಂದೆರಡು ಕಳೆದು, ಕಡೆಗೆ ಕಸಕ್ಕೆ ಹೋದವು. ಹಾಗಾಗಿ ಹಳೆಯ ಅಗ್ಗದ ಎಲೆಗಳ ಪೂರ್ಣ ಕಟ್ಟು ಇಂದು ಕೈಗೆ ಸಿಗುವುದು ಅಪರೂಪ. ಸಂಗ್ರಾಹಕರು ಈ ವಿಚಿತ್ರವನ್ನು ಚೆನ್ನಾಗಿ ಬಲ್ಲರು.

ಹದಿಮೂರು ಆಟ

ಮುಮ್ಮಡಿಯವರು ಈ ಪರಂಪರೆಯನ್ನು ಎತ್ತಿಕೊಂಡು ಬೆಳೆಸಿದ ಬಗೆ ಬೇರೆಲ್ಲೂ ಕಾಣದು. ಅವರ ಹೆಸರಿನಲ್ಲಿ ಸಂಕಲನಗೊಂಡ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳಿವೆ. ಶಕ್ತಿನಿಧಿಯಿಂದ ಆರಂಭವಾಗಿ ಕೌತುಕನಿಧಿಯಲ್ಲಿ ಮುಗಿಯುತ್ತದೆ. ಕೌತುಕನಿಧಿಯಲ್ಲಿ 13 ಎಲೆಯಾಟಗಳ ವಿವರಣೆಯಿದೆ. ಅವುಗಳಿಗೆ ಛದ ಎಂದು ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಕನ್ನಡಿಗರು ಇಂದಿಗೂ ಇಸ್ಪೀಟು ಎಲೆ ಎನ್ನುವುದನ್ನು ನೆನೆದರೆ ಹೆಸರು ಪರಕೀಯವೆನಿಸದು. ಅತಿ ಚಿಕ್ಕ ಆಟಕ್ಕೆ 36 ಎಲೆ, ಅತಿ ದೊಡ್ಡದಕ್ಕೆ 360. ಕುಲದೇವತೆಯ ಹೆಸರಿನ ಚಾಮುಂಡೇಶ್ವರಿ ಛದಕ್ಕೆ 320 ಎಲೆಗಳು ಬೇಕು. ನವಗ್ರಹಗಳು, ದಶಾವತಾರ, ಪಂಚಪಾಂಡವರು ಹೀಗೆ ಪುರಾಣದ ಒಂದೊಂದು ಬಳಗ ಒಂದೊಂದು ಆಟವಾಯಿತು. ಮೈಸೂರಿನ ಬಣ್ಣವೊಂದರಲ್ಲಿ ಸಾಮಾನ್ಯವಾಗಿ 12 ಅಂಕಿಯ ಎಲೆ, 6 ಚಿತ್ರದ ಎಲೆ. ನಮ್ಮ 52 ಎಲೆಯ ಕಟ್ಟಿನ ಬಣ್ಣವೊಂದಕ್ಕೆ ಮೂರೇ ಚಿತ್ರಗಳಿರುವುದನ್ನು ಹೋಲಿಸಿ ನೋಡಬಹುದು.

ಇಷ್ಟು ಎಲೆಗಳನ್ನು ಹಂಚಿಕೊಂಡು, ನೆನಪಿಟ್ಟುಕೊಂಡು ಆಡುವುದು ಸಾಮಾನ್ಯರ ಮಾತಲ್ಲ. ಈ ಆಟಗಳು ಅರಮನೆಯ ಗೋಡೆ ದಾಟಿ ಪೇಟೆಗೆ ಇಳಿದ ಕುರುಹು ಇಲ್ಲ. ಆಟವಾಗಿ ನೋಡಿದರೆ ಮುಮ್ಮಡಿಯವರ ಛದಗಳು ಸೋತವೆಂದೇ ಹೇಳಬೇಕು. ಆದರೆ ಯಾವ ಎಲೆಯಲ್ಲಿ ಯಾವ ದೇವತೆ, ಯಾವ ವಾಹನ, ಯಾವ ವರ್ಣ ಎಂಬುದನ್ನು ಅವರು ಬರೆಸಿಟ್ಟರು. ಎಲೆ ಕಳೆದುಹೋದರೂ ಅದನ್ನು ಮತ್ತೆ ಬರೆಯಬಹುದಾದಷ್ಟು ವಿವರ ಗ್ರಂಥದಲ್ಲಿ ಉಳಿಯಿತು. ದಂತದ ಕೆತ್ತನೆಗಿಂತ, ಚಿನ್ನದ ರೇಕಿಗಿಂತ ಈ ಪಟ್ಟಿಯೇ ಹೆಚ್ಚು ಬಾಳಿಕೆ ಬಂದಿತು. ಇದೇ ಕೌತುಕನಿಧಿಯಲ್ಲಿ ಚಿತ್ರಸಹಿತವಾಗಿ 122 ಯೋಗಾಸನಗಳೂ ಇವೆ. 1996ರಲ್ಲಿ ಎನ್.ಇ. ಜೋಮನ್ ಅವುಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ ಮೇಲೆ ಆ ಭಾಗ ಜಗತ್ತಿಗೆ ಪರಿಚಯವಾಯಿತು. ಎಲೆಯಾಟದ ಭಾಗಕ್ಕೆ ಅಂಥ ಭಾಗ್ಯ ಒದಗಿಲ್ಲ.

ಪಟ್ಟಿಯ ಬೆಲೆ ತಿಳಿಯಲು ಅಮೆರಿಕದ ಒಂದು ಉದಾಹರಣೆ ಸಾಕು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಜೆಫರ್ಸನ್ ಬರ್ಡಿಕ್ (1900–1963) ಸಂಧಿವಾತದಿಂದ ನರಳುತ್ತಲೇ ಸಿಗರೇಟು ಪೊಟ್ಟಣದ ಚಿತ್ರ, ಜಾಹೀರಾತು ಚೀಟಿ, ಬೇಸ್‌ಬಾಲ್ ಆಟಗಾರರ ಕಾರ್ಡುಗಳನ್ನು ಕೂಡಿಸಿದರು. ಇತರರು ಬಿಸಾಡುತ್ತಿದ್ದ ಮೂರು ಲಕ್ಷಕ್ಕೂ ಮಿಕ್ಕ ಚೀಟಿಗಳು ಅವರಿಂದಾಗಿ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿದವು. ಅವರು ಸಿದ್ಧಪಡಿಸಿದ ಕ್ರಮಸೂಚಿಯ ಸಂಕೇತಗಳನ್ನು ಹಳೆಯ ಕಾರ್ಡು ಕೊಳ್ಳುವವರು ಈಗಲೂ ಬಳಸುತ್ತಾರೆ. ಮೈಸೂರಿನ ಅರಸನಿಗೂ ಆ ಕಾರ್ಮಿಕನಿಗೂ ಬೇರಾವ ಸಾಮ್ಯವೂ ಇಲ್ಲ.

ಮುಮ್ಮಡಿಯವರ ಕಡೆಯ ವರ್ಷಗಳು ಉತ್ತರಾಧಿಕಾರಿಯ ಚಿಂತೆಯಲ್ಲಿ ಕಳೆದವು. ಬೌರಿಂಗ್ ಕಮಿಷನರಾಗಿ ಬಂದ ಮೇಲೆ ರಾಜ್ಯ ಎಂಟು ಜಿಲ್ಲೆಗಳಾಗಿ ವಿಂಗಡಣೆಗೊಂಡಿತು. ಹಾಸನ ಜಿಲ್ಲೆ ಅಷ್ಟಗ್ರಾಮ ವಿಭಾಗಕ್ಕೆ ಸೇರಿತು. ಇದಾವುದರಲ್ಲೂ ದೊರೆಯ ಮಾತಿಗೆ ಎಡೆಯಿರಲಿಲ್ಲ. ಔರಸ ಪುತ್ರರಿಲ್ಲದ ಅವರು 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಪಡೆದರು. ಬ್ರಿಟಿಷ್ ಸರ್ಕಾರ ಆ ದತ್ತಕವನ್ನು ಒಪ್ಪಿದ್ದು 1867ರಲ್ಲಿ. 1868ರ ಮಾರ್ಚ್ 27ರಂದು ಮುಮ್ಮಡಿಯವರು ಅಸುನೀಗಿದರು. ಬದುಕೆಲ್ಲ ಕೇಳಿದ ರಾಜ್ಯ 1881ರ ಮಾರ್ಚ್ 25ರಂದು ಆ ದತ್ತುಪುತ್ರನ ಕೈಗೆ ಬಂತು.

ಎಲೆಗಳ ಪಾಡು ಬೇರೆಯೇ ಆಯಿತು. ಯುರೋಪಿನಿಂದ ಅಚ್ಚಾದ ಅಗ್ಗದ ಕಾಗದದ ಕಟ್ಟುಗಳು ಬಂದ ಮೇಲೆ ಕೈಬರಹದ ಗಂಜೀಫಾಕ್ಕೆ ಬೇಡಿಕೆ ಕುಸಿಯಿತು. ಇಸ್ಪೀಟು, ಆಟಿನ್, ಕಳಾವರ್, ಡೈಮನ್ ಎಂಬ ಹೆಸರುಗಳು ಹಳ್ಳಿಕಟ್ಟೆಗಳವರೆಗೂ ಹಬ್ಬಿದವು. ಭಾರತದ ಗಂಜೀಫಾ ಕಟ್ಟುಗಳು ಹೊರದೇಶದ ಸಂಗ್ರಹಾಲಯಗಳನ್ನು ಸೇರಿದವು. ಮುಂಬಯಿಯಲ್ಲಿ ನೆಲೆಸಿದ್ದ ರುಡಾಲ್ಫ್ ಫಾನ್ ಲೇಡನ್ ಮೈಸೂರಿನ ಛದಗಳನ್ನು ಅಭ್ಯಸಿಸಿ ಬರೆದರು; ಗಂಜೀಫಾ ಕುರಿತ ಅವರ ಪುಸ್ತಕವನ್ನು 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಪ್ರಕಟಿಸಿತು. ಮೈಸೂರಿನಲ್ಲಿ ಚಿತ್ರಕಾರ ಗಂಜೀಫಾ ರಘುಪತಿ ಭಟ್ಟರು ಈ ಕಲೆಗೆ ಮರುಜೀವ ಕೊಟ್ಟರು, ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಆಟಗಳನ್ನು ಜನರ ಮುಂದಿಟ್ಟಿತು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ.

ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚೀಟಿ, ಕುಸ್ತಿಪಟುಗಳ ಟ್ರಂಪ್ ಕಾರ್ಡು ಕೂಡಿಸಿ ಬೆಳೆದವರಲ್ಲಿ ಕೆಲವರಿಗೆ ಈಗ ಗಂಜೀಫಾದತ್ತ ಮನಸ್ಸು ಹರಿಯಬಹುದು. ಸಂಬಳದಲ್ಲಿ ಬದುಕುವವರಿಗೆ ಹಳೆಯ ಪೂರ್ಣ ಕಟ್ಟು ಎಟುಕದ ಮಾತು. ದಂತದ ಎಲೆಯಂತೂ ಬೆಲೆ ಎಷ್ಟೇ ಕಡಿಮೆಯೆಂದರೂ ಮುಟ್ಟುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ವ್ಯಾಪಾರವನ್ನು ನಿಷೇಧಿಸಿದೆ. ನೂರು ವರ್ಷ ದಾಟಿದ ಕಲಾವಸ್ತುವನ್ನು ದೇಶದ ಹೊರಗೆ ಸಾಗಿಸಲು 1972ರ ಪುರಾವಸ್ತು ಕಾಯ್ದೆ ಅಡ್ಡಿಯಾಗಿದೆ. ಕಟ್ಟು ಒಡೆದು ಬಿಡಿ ಎಲೆ ಮಾರುವ ವ್ಯಾಪಾರಿಗಳಿಂದ ಕೊಳ್ಳುವುದು ಜೇಬಿಗೆ ಹಗುರವಾದರೂ ಆ ಕಟ್ಟು ಮತ್ತೆಂದೂ ಕೂಡದು. ಅದರ ಬದಲು ಮೈಸೂರಿನ ಚಿತ್ರಕಾರರಲ್ಲೋ, ಮಹಾರಾಷ್ಟ್ರದ ಸಾವಂತವಾಡಿಯಲ್ಲೋ ಹೊಸದಾಗಿ ಬರೆಸಿದ ಒಂದೊಂದೇ ಎಲೆ ಕೊಳ್ಳುತ್ತಾ ಹೋಗುವುದು ವಾಸಿ. ಮೈಸೂರಿನದಾದರೆ ಮುಂದಿನ ಎಲೆ ಯಾವುದಾಗಬೇಕೆಂಬುದು ಕೌತುಕನಿಧಿಯಲ್ಲಿ ಬರೆದೇ ಇದೆ.