ಭಯಕ್ಕೊಂದು ಖಾಯಂ ವಿಳಾಸ ಕೊಟ್ಟ ಮೇಡಂ ಟುಸ್ಸಾಡ್

ಹಂಪಿಯ ವಿರೂಪಾಕ್ಷನ ತೇರು, ಹುಲಿಗೆಮ್ಮನ ಜಾತ್ರೆ, ಕೊಟ್ಟೂರಿನ ರಥೋತ್ಸವ ಬಂತೆಂದರೆ ಹೊಸಪೇಟೆ, ಸಂಡೂರು, ಕಂಪ್ಲಿ, ಮೆಟ್ರಿ ಸೀಮೆಯ ಜನ ಕುಟುಂಬ ಸಮೇತ ಹೊರಡುತ್ತಾರೆ. ದೇವರ ದರ್ಶನ ಮುಗಿದ ಮೇಲೆ ಮಕ್ಕಳ ಕಣ್ಣು ಜಾತ್ರೆಯ ಬಯಲಿನತ್ತ ತಿರುಗುತ್ತದೆ. ಮಂಡಕ್ಕಿ ಮಿರ್ಚಿಯ ಅಂಗಡಿ, ತಿರುಗುವ ತೊಟ್ಟಿಲು, ಮೋಟಾರ್ ಸೈಕಲ್ ಸುತ್ತುವ ಸಾವಿನ ಬಾವಿ ಇವುಗಳ ನಡುವೆ ಜನರನ್ನು ಹೆದರಿಸುವುದಕ್ಕೆಂದೇ ಕತ್ತಲ ಡೇರೆಯೊಂದನ್ನು ಹಾಕಿದರೆ ಅದಕ್ಕೂ ಗಿರಾಕಿಗಳಿಗೆ ಕೊರತೆಯಾಗದು. ಕಾಸು ಕೊಟ್ಟು ಒಳಗೆ ಹೋಗಿ, ಕಿರುಚಿ, ನಗುತ್ತಾ ಹೊರಬರುವ ಈ ವ್ಯಾಪಾರ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ 33 ವರ್ಷ ಊರೂರು ಅಲೆದು, 73ನೇ ವಯಸ್ಸಿನಲ್ಲಿ ಒಂದು ಸ್ಥಳವನ್ನು ಆರಿಸಿಕೊಂಡವರು ಮೇರಿ ಟುಸ್ಸಾಡ್. ಜಗತ್ತು ಇಂದು ಮೇಡಂ ಟುಸ್ಸಾಡ್ ಎಂದು ಗುರುತಿಸುವುದು ಅವರನ್ನೇ.

ಮೇಣದ ಮನೆಯ ಶಿಷ್ಯೆ

ಮೇರಿ ಜನಿಸಿದ್ದು 1761ರ ಡಿಸೆಂಬರ್ 1ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ. ತಂದೆಯ ಮುಖ ಕಂಡವರಲ್ಲ. ತಾಯಿ ಫಿಲಿಪ್ ಕರ್ಟಿಯಸ್ ಎಂಬ ವೈದ್ಯರ ಮನೆಯನ್ನು ನೋಡಿಕೊಳ್ಳುತ್ತಿದ್ದರು. ವೈದ್ಯಕೀಯ ಪಾಠಕ್ಕೆಂದು ದೇಹದ ಭಾಗಗಳನ್ನು ಮೇಣದಲ್ಲಿ ಮಾಡುತ್ತಿದ್ದ ಕರ್ಟಿಯಸ್, ಆ ಕೈಚಳಕವನ್ನೇ ನಂಬಿ ಪ್ಯಾರಿಸ್ಸಿಗೆ ಬಂದು ಪ್ರಸಿದ್ಧರ ಪ್ರತಿಮೆಗಳ ಪ್ರದರ್ಶನ ತೆರೆದರು. ತಾಯಿ ಮಗಳು ಅವರನ್ನು ಹಿಂಬಾಲಿಸಿದರು. ಮೇರಿಗೆ ಅವರೇ ಗುರು, ಅವರೇ ಪೋಷಕ. 1777ರಲ್ಲಿ, ಇನ್ನೂ ಹದಿನಾರು ತುಂಬುವ ಮುನ್ನ, ತತ್ತ್ವಜ್ಞಾನಿ ವಾಲ್ಟೇರರ ಪ್ರತಿಮೆಯನ್ನು ಮಾಡಿ ಮೇರಿ ತಮ್ಮ ಕಲೆಯನ್ನು ತೋರಿದರು.

ಸ್ಥಳದ ಮಹತ್ವದ ಮೊದಲ ಪಾಠವನ್ನೂ ಅವರು ಗುರುವಿನಿಂದಲೇ ಕಲಿತರು. ಕರ್ಟಿಯಸ್ ಒಂದು ಪ್ರದರ್ಶನವನ್ನು ಸಿರಿವಂತರು ಅಡ್ಡಾಡುವ ಪಾಲೇ ರೋಯಾಲ್‌ನಲ್ಲಿ ನಡೆಸಿದರು. 1782ರಲ್ಲಿ ನಾಟಕ, ದೊಂಬರಾಟಗಳಿಂದ ಗಿಜಿಗುಡುತ್ತಿದ್ದ ಬುಲೆವಾರ್ ದ್ಯು ಟೆಂಪ್ಲ್ ಬೀದಿಯಲ್ಲಿ ದೊಡ್ಡ ಕಳ್ಳರ, ಕೊಲೆಗಡುಕರ ಪ್ರತಿಮೆಗಳ ಗುಹೆಯೊಂದನ್ನು ತೆರೆದರು. ಜನ ಮೊದಲೇ ಮನರಂಜನೆಗೆಂದು ಸೇರಿರುವಲ್ಲಿ ಭಯವೂ ಮಾರಾಟವಾಗುತ್ತದೆ ಎಂಬುದು ಅಲ್ಲಿ ಸಾಬೀತಾಯಿತು. 1788ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಶ್ರೀರಂಗಪಟ್ಟಣದಿಂದ ಪ್ಯಾರಿಸ್ ತಲುಪಿದಾಗ ಈ ಮೇಣದ ಮನೆ ಆ ನಗರದ ಹೆಸರಾಂತ ನೋಟಗಳಲ್ಲೊಂದಾಗಿತ್ತು. ಬಳ್ಳಾರಿ ಸೀಮೆ ಆಗ ಟಿಪ್ಪುವಿನ ಆಳ್ವಿಕೆಯಲ್ಲಿತ್ತು.

ಮರು ವರ್ಷವೇ ಕ್ರಾಂತಿಯ ಕಿಡಿ ಹೊತ್ತಿತು. 1789ರ ಜುಲೈ 12ರಂದು ಜನಸಮೂಹ ಕರ್ಟಿಯಸ್ ಅವರ ಪ್ರದರ್ಶನದಿಂದಲೇ ಮಂತ್ರಿ ನೆಕ್ಕರ್ ಮತ್ತು ಓರ್ಲಿಯನ್ಸ್ ದೊರೆಯ ಮೇಣದ ತಲೆಗಳನ್ನು ಪಡೆದು ಮೆರವಣಿಗೆ ಹೊರಟಿತು. ಮುಂದೆ ಮೇಣದ ತಲೆಗಳ ಜಾಗಕ್ಕೆ ನಿಜವಾದ ತಲೆಗಳು ಬಂದವು. ಗಿಲೋಟಿನ್‌ಗೆ ಬಲಿಯಾದವರ ಮುಖದ ಅಚ್ಚುಗಳನ್ನು ತಾವೇ ತೆಗೆದುದಾಗಿಯೂ, ಸ್ವತಃ ಸೆರೆಮನೆ ಕಂಡುದಾಗಿಯೂ ಮೇರಿ ತಮ್ಮ ಸ್ಮರಣೆಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ಎಲ್ಲ ಮಾತಿಗೂ ದಾಖಲೆಯ ಬೆಂಬಲವಿಲ್ಲ ಎಂಬುದು ಇತಿಹಾಸಕಾರರ ಅಭಿಪ್ರಾಯ. ಆದರೆ ಮುಂದೆ ಲಕ್ಷಾಂತರ ಜನರನ್ನು ಬೆಚ್ಚಿಬೀಳಿಸಿದ ಸರಕು ರೂಪುಗೊಂಡದ್ದು ಆ ರಕ್ತಸಿಕ್ತ ದಿನಗಳಲ್ಲಿಯೇ.

ದೆವ್ವದಾಟದ ನೆರಳಿನಲ್ಲಿ

1794ರಲ್ಲಿ ಕರ್ಟಿಯಸ್ ತೀರಿಕೊಂಡಾಗ ಪ್ರದರ್ಶನ ಮೇರಿಯವರ ಪಾಲಿಗೆ ಬಂತು. ಮರು ವರ್ಷ ಫ್ರಾನ್ಸ್ವಾ ಟುಸ್ಸಾಡ್ ಎಂಬುವರನ್ನು ವಿವಾಹವಾದರು. ಹುಟ್ಟಿದ ಮೂವರು ಮಕ್ಕಳಲ್ಲಿ ಮಗಳು ಉಳಿಯಲಿಲ್ಲ. ಯುದ್ಧ ಮತ್ತು ಬೆಲೆಯೇರಿಕೆಯಿಂದ ಬಳಲಿದ ಪ್ಯಾರಿಸ್ಸಿನಲ್ಲಿ ನೋಡುಗರೂ ಕಡಿಮೆಯಾಗಿ ಸಾಲ ಬೆಳೆಯಿತು. 1802ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ತಾತ್ಕಾಲಿಕ ಶಾಂತಿ ಏರ್ಪಟ್ಟಾಗ ಮೇರಿ ನಾಲ್ಕು ವರ್ಷದ ಹಿರಿಯ ಮಗ ಜೋಸೆಫ್‌ನನ್ನು ಕರೆದುಕೊಂಡು, ಪ್ರತಿಮೆಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಸಿ ಲಂಡನ್ನಿಗೆ ಹೊರಟರು. ಎರಡು ವರ್ಷದ ಕಿರಿಯ ಮಗ ಪತಿಯ ಬಳಿ ಉಳಿದ. ಪತಿಯನ್ನು ಅವರು ಮತ್ತೆ ನೋಡಲಿಲ್ಲ. ಕಿರಿಯ ಮಗ ತಾಯಿಯನ್ನು ಸೇರಿದ್ದು ಸುಮಾರು ಎರಡು ದಶಕಗಳ ನಂತರ.

ಲಂಡನ್ನಿಗೆ ಕರೆತಂದ ಪಾಲುದಾರ ಪೌಲ್ ಫಿಲಿಪ್‌ಸ್ಥಾಲ್ ಸ್ವತಃ ದೆವ್ವದಾಟದ ಒಡೆಯ. ಲೈಸಿಯಂ ರಂಗಮಂದಿರದ ಕತ್ತಲಲ್ಲಿ ಹೊಗೆ ಮತ್ತು ಮಾಯಾದೀಪಗಳಿಂದ ಸತ್ತವರ ಆಕೃತಿಗಳನ್ನು ಮೂಡಿಸಿ, ಅವು ಪ್ರೇಕ್ಷಕರ ಮೇಲೆಯೇ ಬಂದಂತೆ ತೋರಿಸುತ್ತಿದ್ದರು. ಮೇರಿ ಅದೇ ಕಟ್ಟಡದಲ್ಲಿ ತಮ್ಮ ಪ್ರತಿಮೆಗಳನ್ನು ಇಟ್ಟರು. ಒಪ್ಪಂದದಂತೆ ಲಾಭದಲ್ಲಿ ಅರ್ಧ ಪಾಲುದಾರನಿಗೆ. ಬಲು ಬೇಗ ಫಿಲಿಪ್‌ಸ್ಥಾಲ್ ಅವರ ಆಟವನ್ನು ನಕಲು ಮಾಡುವವರು ಹುಟ್ಟಿಕೊಂಡರು. ದೀಪ ಮತ್ತು ಹೊಗೆ ಯಾರ ಕೈಗಾದರೂ ಸಿಗುತ್ತಿದ್ದವು. ಮೇರಿಯವರ ಬಳಿಯಿದ್ದ ಅಚ್ಚುಗಳು ಮಾತ್ರ ಬೇರೆಯವರಿಗೆ ಸಿಗುವಂಥವಲ್ಲ. 1803ರಲ್ಲಿ ಅವರು ಎಡಿನ್‌ಬರೋಗೆ ಹೋದರು. ಅಷ್ಟರಲ್ಲಿ ಯುದ್ಧ ಮರಳಿ ಆರಂಭವಾಗಿ ಊರಿನ ದಾರಿ ಮುಚ್ಚಿತು. ಕೊನೆಗೆ ದುಡಿದ ಹಣದಿಂದಲೇ ಪಾಲುದಾರಿಕೆಯಿಂದ ಬಿಡಿಸಿಕೊಂಡು ಮೇರಿ ಸ್ವತಂತ್ರರಾದರು. 1808ರ ಹೊತ್ತಿಗೆ ಪ್ಯಾರಿಸ್ಸಿನ ಪ್ರದರ್ಶನ ಸಾಲ ಕೊಟ್ಟವರ ಕೈ ಸೇರಿತು. ಇನ್ನು ಪೆಟ್ಟಿಗೆಗಳಲ್ಲಿದ್ದುದೇ ಅವರ ಆಸ್ತಿ.

ಮೂರು ದಶಕಗಳ ಮೊಕ್ಕಾಂ

ನಮ್ಮ ಕಂಪನಿ ನಾಟಕಗಳವರು ಊರಿಂದೂರಿಗೆ ಮೊಕ್ಕಾಂ ಬದಲಿಸುತ್ತಿದ್ದಂತೆ ಮೇರಿ ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡ್‌ಗಳ ಊರುಗಳನ್ನು ಸುತ್ತಿದರು. ಮೇಣದ ಸರಕನ್ನು ಕೆಟ್ಟ ರಸ್ತೆಗಳಲ್ಲಿ ಬಂಡಿಯ ಮೇಲೆ ಸಾಗಿಸುವುದೇ ಒಂದು ಸಾಹಸ. ಆದರೂ ಸ್ಥಳದ ವಿಷಯದಲ್ಲಿ ಅವರು ರಾಜಿಯಾಗಲಿಲ್ಲ. ಸಂತೆಯ ಗುಡಾರ, ಊರ ಹೊರಗಿನ ಕೊಟ್ಟಿಗೆ ಅಗ್ಗಕ್ಕೆ ದೊರೆಯುತ್ತಿದ್ದವು. ಅವುಗಳನ್ನು ಬಿಟ್ಟು ಊರಿನ ಗಣ್ಯರು ಕೂಟ, ನೃತ್ಯಗಳಿಗೆ ಬಳಸುತ್ತಿದ್ದ ಸಭಾಂಗಣಗಳನ್ನೇ ಬಾಡಿಗೆಗೆ ಹಿಡಿಯುತ್ತಿದ್ದರು. ಪ್ರವೇಶಕ್ಕೆ ಒಂದು ಷಿಲ್ಲಿಂಗ್. ಒಳಗೆ ಬೆಳಕು, ಸಂಗೀತ, ರಾಜರಾಣಿಯರ ಪ್ರತಿಮೆಗಳು. ಕತ್ತರಿಸಿದ ತಲೆಗಳು, ಸ್ನಾನದ ತೊಟ್ಟಿಯಲ್ಲಿ ಕೊಲೆಯಾದ ಮರಾ, 1829ರಲ್ಲಿ ಗಲ್ಲಿಗೇರಿದ ಕೊಲೆಗಾರ ಬರ್ಕ್ ಇವರೆಲ್ಲ ಪಕ್ಕದ ಪ್ರತ್ಯೇಕ ಕೋಣೆಯಲ್ಲಿ. ಅದಕ್ಕೆ ಆರು ಪೆನ್ಸ್ ಬೇರೆ.

ಈ ಏರ್ಪಾಡಿನಲ್ಲಿಯೇ ಅವರ ಜಾಣ್ಮೆ ಅಡಗಿತ್ತು. ಮಕ್ಕಳೊಂದಿಗೆ ಬಂದ ತಾಯಿ ಬೆಳಕಿನ ಕೋಣೆಯನ್ನಷ್ಟೇ ನೋಡಿ ಮರಳಬಹುದಿತ್ತು. ಎದೆಗಾರಿಕೆ ಇದ್ದವರು ಪಕ್ಕದ ಬಾಗಿಲು ದಾಟಬಹುದಿತ್ತು. ಹೆದರಿಕೆಗೆ ಬೆಲೆ ಬರಬೇಕಾದರೆ ಅದರ ಪಕ್ಕದಲ್ಲಿ ನಿರ್ಭಯವಾದ ಜಾಗವೊಂದು ಇರಲೇಬೇಕೆಂಬುದನ್ನು ಅವರು ಕಂಡುಕೊಂಡಿದ್ದರು. ನಿಜವಾದ ಭಯ ಹೇಗೆ ಗಿರಾಕಿಯನ್ನು ಓಡಿಸುತ್ತದೆ ಎಂಬುದೂ ಅವರಿಗೆ ತಿಳಿದಿತ್ತು. 1831ರ ಅಕ್ಟೋಬರ್‌ನಲ್ಲಿ ಬ್ರಿಸ್ಟಲ್ ನಗರದಲ್ಲಿ ದಂಗೆಯೆದ್ದು ಕಟ್ಟಡಗಳು ಉರಿದಾಗ, ಪ್ರತಿಮೆಗಳನ್ನು ಬೀದಿಗೆ ಸಾಗಿಸಿ ಉಳಿಸಿಕೊಳ್ಳಬೇಕಾಯಿತು. ಎಪ್ಪತ್ತರ ಅಂಚಿನಲ್ಲಿದ್ದ ಅವರ ಜೀವಮಾನದ ಗಳಿಕೆಯೆಲ್ಲ ಒಂದು ಬೆಂಕಿಯ ದೂರದಲ್ಲಿತ್ತು. ಅಲೆದಾಟಕ್ಕೆ ಕೊನೆ ಬೇಕಿತ್ತು.

ಬೇಕರ್ ಸ್ಟ್ರೀಟ್‌ನ ಆಯ್ಕೆ

1835ರಲ್ಲಿ ಮೇರಿ ಮತ್ತು ಮಕ್ಕಳು ಲಂಡನ್ನಿನ ಬೇಕರ್ ಸ್ಟ್ರೀಟ್ ಬಜಾರಿನ ಮಹಡಿಯನ್ನು ಬಾಡಿಗೆಗೆ ಪಡೆದರು. ಕೆಳಗಡೆ ಸಾರೋಟುಗಳ ಮಾರಾಟ, ಅಂಗಡಿಗಳು. ಖರೀದಿಗೆಂದು ಬರುವ ಉಳ್ಳವರು ಮೆಟ್ಟಿಲು ಹತ್ತಿದರೆ ಸಾಕು. ಪೋರ್ಟ್‌ಮನ್ ಸ್ಕ್ವೇರ್‌ನ ಸಿರಿವಂತರ ಮನೆಗಳು ಕೂಗಳತೆಯಲ್ಲಿದ್ದವು. 1829ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಓಡಿದ ಕುದುರೆಗಾಡಿಯ ಬಸ್ಸು ಸಮೀಪದ ಹೆದ್ದಾರಿಯಲ್ಲೇ ಹಾದುಹೋಗುತ್ತಿತ್ತು. ಅವರು ಬಂದ ಎರಡು ಮೂರು ವರ್ಷಗಳಲ್ಲೇ ಯೂಸ್ಟನ್ ಮತ್ತು ಪ್ಯಾಡಿಂಗ್ಟನ್ ರೈಲು ನಿಲ್ದಾಣಗಳೂ ಆರಂಭವಾದವು. ಮೂರು ದಶಕ ತಾವು ಜನರನ್ನು ಹುಡುಕಿಕೊಂಡು ಹೋಗಿದ್ದ ಮೇರಿಯವರನ್ನು ಈಗ ಊರೂರಿನ ಜನ ಹುಡುಕಿಕೊಂಡು ಬರತೊಡಗಿದರು.

ಬಾಗಿಲ ಬಳಿ ಕುಳಿತು ಹಣ ಪಡೆಯುತ್ತಿದ್ದ ವೃದ್ಧೆಯೂ ಆ ಸ್ಥಳದ ಗುರುತಾದರು. 1840ರ ದಶಕದಲ್ಲಿ ಪ್ರತ್ಯೇಕ ಕೋಣೆಗೆ ಭಯಾನಕ ಕೋಣೆ ಎಂಬ ಹೆಸರು ನಿಂತಿತು. ಕೊಲೆಗಡುಕರಿಗೆ ಕೀರ್ತಿ ತರುವ ವ್ಯಾಪಾರವಿದು ಎಂಬ ಟೀಕೆಯೂ ಬಂತು. ಪಂಚ್ ಪತ್ರಿಕೆ ಅಣಕವಾಡಿತು. ಟೀಕೆಯಲ್ಲಿ ಹುರುಳಿತ್ತು. ಯಾರದೋ ಮನೆಯ ಸಾವು ಇನ್ನೊಬ್ಬರ ಸಂಜೆಯ ವಿನೋದವಾಗುವ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. 1850ರ ಏಪ್ರಿಲ್ 16ರಂದು, 88ನೇ ವಯಸ್ಸಿನಲ್ಲಿ, ಮೇರಿ ಲಂಡನ್ನಿನಲ್ಲಿ ನಿಧನರಾದರು.

1884ರಲ್ಲಿ ಮೊಮ್ಮಗ ಪ್ರದರ್ಶನವನ್ನು ಮೆರಿಲಿಬೋನ್ ರಸ್ತೆಯ ಸ್ವಂತ ಕಟ್ಟಡಕ್ಕೆ ಸಾಗಿಸಿದಾಗಲೂ ಅಜ್ಜಿಯ ಲೆಕ್ಕಾಚಾರ ಮರೆಯಲಿಲ್ಲ. ಹೊಸ ಜಾಗ ಹಳೆಯದಕ್ಕೆ ನಡಿಗೆಯ ದೂರದಲ್ಲಿ, 1863ರಲ್ಲಿ ತೆರೆದ ನೆಲದಡಿಯ ರೈಲಿನ ಬೇಕರ್ ಸ್ಟ್ರೀಟ್ ನಿಲ್ದಾಣದ ಪಕ್ಕದಲ್ಲೇ ಇತ್ತು. 1925ರ ಬೆಂಕಿ, 1940ರ ಬಾಂಬು ದಾಳಿಗಳನ್ನು ದಾಟಿ ಅದು ಅಲ್ಲಿಯೇ ಉಳಿಯಿತು. ಭಾರತದಲ್ಲಿ 2017ರಲ್ಲಿ ದೆಹಲಿಯ ಕನಾಟ್ ಪ್ಲೇಸ್‌ನ ರೀಗಲ್ ಕಟ್ಟಡದಲ್ಲಿ ಆರಂಭವಾದ ಶಾಖೆ 2020ರಲ್ಲಿ ಮುಚ್ಚಿ, 2022ರಲ್ಲಿ ನೋಯ್ಡಾದ ಮಾಲ್ ಒಂದರಲ್ಲಿ ಮತ್ತೆ ತೆರೆಯಿತು. ಹೆಸರು ಎಷ್ಟೇ ದೊಡ್ಡದಾದರೂ ಸ್ಥಳದ ಪ್ರಶ್ನೆ ಪ್ರತಿ ಊರಿನಲ್ಲೂ ಹೊಸದಾಗಿಯೇ ಎದುರಾಗುತ್ತದೆ.

ಹೆದರಿಸುವ ಮನೆಗೆ ಹಾಳು ಗೋಡೆ, ನಿರ್ಜನ ಬಯಲು ತಕ್ಕ ಜಾಗವೆಂದು ಮೊದಲ ನೋಟಕ್ಕೆ ಯಾರಿಗೂ ಅನ್ನಿಸುತ್ತದೆ. ಹಂಪಿಯ ಸುತ್ತ ಅಂತಹ ನೋಟಕ್ಕೆ ಬರವಿಲ್ಲ. ಆದರೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಸ್ಮಾರಕಗಳು ವ್ಯಾಪಾರದ ಸೊತ್ತಲ್ಲ. ಕತ್ತಲಾದ ಮೇಲೆ ಮರಳಲು ಬಸ್ಸಿಲ್ಲದ ಬಯಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರೂ ಇಲ್ಲ. ಜಾತ್ರೆಯ ನಡುವೆ, ಮಿರ್ಚಿಯಂಗಡಿಯ ದೀಪದ ಪಕ್ಕದಲ್ಲಿ ಡೇರೆ ಹಾಕುವ ಬಡ ವ್ಯಾಪಾರಿಗೆ ಈ ಗುಟ್ಟು ಮೊದಲೇ ಗೊತ್ತು. ಮೇರಿ ಟುಸ್ಸಾಡ್ ಅದನ್ನು ಕಲಿಯಲು ಒಂದು ಸಂಸಾರವನ್ನೂ ಮೂವತ್ತಮೂರು ವರ್ಷಗಳನ್ನೂ ತೆತ್ತರು.