ನೀರಿನಲ್ಲಿ ಬಲ ಕಂಡ ಗುರು ಸೆಬಾಸ್ಟಿಯನ್ ಕ್ನೈಪ್

ಅರಕೆರೆ, ಶ್ರೀರಂಗಪಟ್ಟಣದ ಕಡೆಯ ಹಿರಿಯ ಹೆಂಗಸರಿಗೆ ನೀರಿನಲ್ಲಿ ನಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಾಲೆಗೆ ನೀರು ಬಿಟ್ಟೊಡನೆ ಗದ್ದೆಗಿಳಿದು, ಸೊಂಟ ಬಗ್ಗಿಸಿ ನಾಟಿ ಹಾಕಿದವರು ಅವರು. ಇಂದು ಅವರಲ್ಲಿ ಎಷ್ಟೋ ತಾಯಂದಿರು ಬಲಿಪೂಜೆಯಲ್ಲಿ ಮೊಣಕಾಲೂರಲಾರರು. ನೋವಿಗೆ ಹೆದರಿ ನಡೆಯುವುದನ್ನೇ ಬಿಡುತ್ತಾರೆ. ನಡೆಯದಿದ್ದರೆ ತೊಡೆಯ ಸ್ನಾಯುಗಳು ಸೊರಗುತ್ತವೆ, ಸೊರಗಿದ ಕಾಲು ಎಡವುತ್ತದೆ, ಬಿದ್ದರೆ ಸೊಂಟದ ಮೂಳೆಯೇ ಮುರಿಯಬಹುದು. ಇಂಥವರಿಗೆ ಈಗ ವೈದ್ಯರು ನೀರಿನ ವ್ಯಾಯಾಮವನ್ನು ಹೇಳುವುದುಂಟು. ನೀರಿನ ನಡಿಗೆಯನ್ನು ಊರೂರಿಗೆ ಪರಿಚಯಿಸಿದವರಲ್ಲಿ ಒಬ್ಬ ಕಥೋಲಿಕ ಗುರುಗಳ ಹೆಸರು ದೊಡ್ಡದು.

ಸೆಬಾಸ್ಟಿಯನ್ ಕ್ನೈಪ್ ಹುಟ್ಟಿದ್ದು 1821ರ ಮೇ 17ರಂದು, ಜರ್ಮನಿಯ ಬವೇರಿಯ ಪ್ರಾಂತ್ಯದ ಸ್ಟೆಫಾನ್ಸ್‌ರೀಡ್ ಎಂಬ ಹಳ್ಳಿಯಲ್ಲಿ. ತಂದೆ ಬಡ ನೇಕಾರ. ಬಾಲಕ ಮಗ್ಗದ ಮುಂದೆ ಕುಳಿತೇ ಬೆಳೆದ. ಗುರುವಾಗಬೇಕೆಂಬ ಹಂಬಲದಿಂದ ಕಾಸಿಗೆ ಕಾಸು ಕೂಡಿಟ್ಟಿದ್ದ. ಮನೆಗೆ ಬೆಂಕಿ ಬಿದ್ದು ಆ ಹಣವೂ ಬೂದಿಯಾಯಿತು. ಬಂಧುವಾದ ಮರ್ಕ್ಲೆ ಎಂಬ ಗುರುಗಳು ಲ್ಯಾಟಿನ್ ಕಲಿಸಿ ಕೈಹಿಡಿದರು. ಅಷ್ಟರಲ್ಲಿ ಶ್ವಾಸಕೋಶದ ಕಾಯಿಲೆ ಅಂಟಿಕೊಂಡಿತು. ಬದುಕುವ ಆಸೆಯೇ ಉಳಿದಿರಲಿಲ್ಲ.

ಆಗ ಅವರ ಕೈಗೆ ಸಿಕ್ಕಿದ್ದು ತಣ್ಣೀರಿನ ಗುಣದ ಬಗ್ಗೆ ಹಾನ್ ಎಂಬ ವೈದ್ಯರು ಬರೆದಿದ್ದ ಹಳೆಯ ಪುಸ್ತಕ. 1849ರ ಚಳಿಯ ದಿನಗಳಲ್ಲಿ ಡಾನ್ಯೂಬ್ ನದಿಗೆ ಓಡಿಹೋಗಿ ಕೆಲವೇ ಕ್ಷಣ ಮುಳುಗಿ, ಮೈ ಬಿಸಿಯಾಗುವಂತೆ ಮತ್ತೆ ಓಡುತ್ತ ಮನೆ ಸೇರುತ್ತಿದ್ದರು. ದಿನಕಳೆದಂತೆ ಚೇತರಿಸಿಕೊಂಡರು, 1852ರಲ್ಲಿ ಗುರುದೀಕ್ಷೆಯನ್ನೂ ಪಡೆದರು. ಇದನ್ನು ಓದಿದ ಯಾರೂ ಕ್ಷಯಕ್ಕೆ ಮಾತ್ರೆ ಬಿಟ್ಟು ತಣ್ಣೀರಿಗೆ ಇಳಿಯಬಾರದು! ಕ್ಷಯವನ್ನು ಗುಣಪಡಿಸುವ ಔಷಧಿ ಆಗ ಇರಲಿಲ್ಲ, ಈಗ ಇದೆ.

ಕಾಲರಾ ಬಂದಾಗ ಅವರು ರೋಗಿಗಳ ಹಾಸಿಗೆಯ ಬಳಿಗೇ ಹೋದರು. ಔಷಧಿ ಮಾರುವವರು ಅಧಿಕಾರಿಗಳಿಗೆ ದೂರು ಕೊಟ್ಟರು. ನಮ್ಮ ನಾಡಿಗೂ ಇಂಥ ಗುರುಗಳು ಹೊಸಬರಲ್ಲ: 1799ರ ನಂತರ ಶ್ರೀರಂಗಪಟ್ಟಣದ ಕ್ರೈಸ್ತರ ನಡುವೆ ದುಡಿದ ಅಬ್ಬೆ ದುಬುವಾ ಸಿಡುಬಿನ ಲಸಿಕೆಗಾಗಿ ಶ್ರಮಿಸಿದರು, ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಿ ಕೊಡಲಾರಂಭಿಸಿದರು.

1855ರಲ್ಲಿ ಕ್ನೈಪ್‌ರವರು ವೋರಿಸ್‌ಹೋಫೆನ್ ಊರಿನ ಡೊಮಿನಿಕನ್ ಕನ್ಯಾಸ್ತ್ರೀಮಠಕ್ಕೆ ಪಾಪನಿವೇದನೆ ಕೇಳುವ ಗುರುಗಳಾಗಿ ಬಂದರು. 1881ರಲ್ಲಿ ಅಲ್ಲಿನ ಧರ್ಮಕೇಂದ್ರದ ಗುರುಗಳಾದರು. 1886ರಲ್ಲಿ ಜಲಚಿಕಿತ್ಸೆಯ ಬಗ್ಗೆ ಅವರು ಬರೆದ ಪುಸ್ತಕ ಹೊರಬಂದದ್ದೇ ತಡ, ಆ ಪುಟ್ಟ ಊರಿಗೆ ಜನ ಸಾವಿರಗಟ್ಟಲೆ ಬರತೊಡಗಿದರು. ಮೊದಮೊದಲು ಅವರ ವಿಧಾನ ಕಠಿಣವಾಗಿತ್ತು. ವಯಸ್ಸಾದಂತೆ ಅವರೇ ಅದನ್ನು ಮೃದುಗೊಳಿಸಿದರು. ಅದರಲ್ಲಿ ಹೆಸರಾದದ್ದು ನೀರು ತುಳಿಯುವುದು. ಮೊಣಕಾಲಿನ ಕೆಳಗಿನ ಮಟ್ಟಕ್ಕೆ ತಣ್ಣೀರು ನಿಂತಲ್ಲಿ ಕೊಕ್ಕರೆಯಂತೆ ಒಂದೊಂದೇ ಪಾದವನ್ನು ಪೂರ್ತಿ ಮೇಲೆತ್ತಿ ನಡೆಯುವುದು, ಮೈ ಜುಮ್ಮೆನ್ನುವ ಮೊದಲೇ ಹೊರಬಂದು ಓಡಾಡಿ ಬಿಸಿಯಾಗುವುದು, ಇಷ್ಟೇ. ಪುಸ್ತಕದಿಂದ ಬಂದ ಹಣವನ್ನು ಗುರುಗಳಿಗೆ, ಮಕ್ಕಳಿಗೆ, ಹೆಂಗಸರಿಗೆ ಆರೋಗ್ಯಧಾಮ ಕಟ್ಟಲು ಸುರಿದರು. 1894ರಲ್ಲಿ ರೋಮಿಗೆ ಹೋದಾಗ ಜಗದ್ಗುರು 13ನೆಯ ಲಿಯೋರವರಿಗೂ ಚಿಕಿತ್ಸೆ ನೀಡಿದರು.

ಇಂದಿನ ನೀರಿನ ವ್ಯಾಯಾಮ ಇದರಿಂದ ಸ್ವಲ್ಪ ಬೇರೆ. ಅದಕ್ಕೆ ಬೆಚ್ಚಗಿನ ನೀರು ಬೇಕು, ಆಳವೂ ಹೆಚ್ಚು. ಸೊಂಟದವರೆಗೆ ನಿಂತರೆ ಮೈಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎದೆಮಟ್ಟಕ್ಕೆ ಇನ್ನೂ ಕಡಿಮೆ. ಮೊಣಕಾಲಿಗೆ ಅಷ್ಟು ಬಿಡುಗಡೆ. ಆದರೂ ನೀರು ಕಾಲನ್ನು ತಡೆಯುತ್ತದೆ. ಎಷ್ಟು ಬೇಗ ತಳ್ಳಿದರೆ ತಡೆಯೂ ಅಷ್ಟು ಹೆಚ್ಚು. ಹೀಗೆ ಕಲ್ಲುಗುಂಡು ಎತ್ತದೆಯೇ ಸ್ನಾಯುವಿಗೆ ಕೆಲಸ ಸಿಗುತ್ತದೆ. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ನಡೆಯುವುದು, ಅಂಚು ಹಿಡಿದು ಕಾಲನ್ನು ಬದಿಗೆತ್ತುವುದು, ಅರ್ಧ ಕುಕ್ಕರಿಸಿ ಏಳುವುದು, ಅಂಗೈ ಅಗಲಿಸಿ ನೀರು ತಳ್ಳುವುದು. ಹತ್ತು ನಿಮಿಷದಿಂದ ಆರಂಭಿಸಿದರೆ ಸಾಕು.

ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಕಾಲಿನಲ್ಲಿ ಹುಣ್ಣು, ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ಯಾರೂ ಒಬ್ಬರೇ ಇಳಿಯಬಾರದು. ನಾಲೆಗಂತೂ, ಕಾವೇರಿಗಂತೂ ಬೇಡವೇ ಬೇಡ: ಸೆಳೆತವಿದೆ, ಮೆಟ್ಟಿಲಲ್ಲಿ ಪಾಚಿ ಇದೆ. ಪಟ್ಟಣದಲ್ಲಿರುವ ಮಗನ ಮನೆಯ ಹತ್ತಿರ ಈಜುಕೊಳವಿದ್ದು ಹೆಂಗಸರಿಗೇ ಮೀಸಲಾದ ಹೊತ್ತಿದ್ದರೆ, ಸೊಸೆಯನ್ನೋ ಮೊಮ್ಮಗಳನ್ನೋ ಜೊತೆಗೆ ಕರೆದೊಯ್ಯಬಹುದು. ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈಮುಚ್ಚುವ ಈಜುಡುಪು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಈ ವಯಸ್ಸಿನಲ್ಲಿ ಇದೆಲ್ಲ ಏಕೆಂದು ಮನೆಯವರು ನಕ್ಕರೆ ನಗಲಿ.

ಕ್ನೈಪ್‌ರವರು 1897ರ ಜೂನ್ 17ರಂದು ವೋರಿಸ್‌ಹೋಫೆನ್‌ನಲ್ಲೇ ನಿಧನರಾದರು. ಜರ್ಮನಿಯ ಉದ್ಯಾನಗಳಲ್ಲಿ ಈಗಲೂ ಅವರ ಹೆಸರಿನ ಸಣ್ಣ ನೀರಿನ ತೊಟ್ಟಿಗಳಿವೆ. ನಡುವೆ ಹಿಡಿದುಕೊಳ್ಳಲು ಒಂದು ಕಂಬಿ. ಅಜ್ಜಿಯರು ಚಪ್ಪಲಿ ಬಿಚ್ಚಿಟ್ಟು, ಲಂಗ ಎತ್ತಿ ಹಿಡಿದು ಅದರ ಸುತ್ತ ನಡೆಯುತ್ತಾರೆ.